ಸರ್ವಿಸ್ ಬಸ್ ಸ್ಟ್ಯಾಂಡ್ ಹತ್ತಿರದ ಡಿಟಿಪಿ ಅಂಗಡಿ: ಸಂಶೋಧನಾ ಜರ್ನಲ್‌ಗೆ ಲೇಖನ ಕಳಿಸುವವರು ಒಮ್ಮೆ ಹೋಗಿ ಬನ್ನಿ

ಉಡುಪಿಯ ಸರ್ವಿಸ್ ಬಸ್ ಸ್ಟ್ಯಾಂಡಿನಿಂದ ಎರಡು ನಿಮಿಷ ನಡೆದರೆ ಒಂದು ಹಳೆ ಕಟ್ಟಡ ಸಿಗುತ್ತದೆ. ಮೊದಲ ಮಹಡಿಯಲ್ಲಿ ಅಂಗಡಿ. ಬೋರ್ಡಿನಲ್ಲಿ ಹೆಸರು ಇಲ್ಲ, 'ಝೆರಾಕ್ಸ್, ಡಿಟಿಪಿ, ಬೈಂಡಿಂಗ್' ಎಂದಷ್ಟೇ ಇದೆ. ಮೆಟ್ಟಿಲ ಬುಡದಲ್ಲಿ ಹೂ ಮಾರುವವರನ್ನು ಕೇಳಿದರೆ ತೋರಿಸುತ್ತಾರೆ. ನಡೆಸುವುದು ಒಬ್ಬರೇ, ನಾವೆಲ್ಲ ಅಕ್ಕ ಎಂದೇ ಕರೆಯುತ್ತೇವೆ.

ನಾನು ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ. ಶಂಕರಪುರದ ಕಡೆ ಮಲ್ಲಿಗೆ ಕಟ್ಟುವ ಹೆಂಗಸರ ದುಡಿಮೆ, ಕೂಲಿ ಬಗ್ಗೆ ಎರಡು ವರ್ಷ ಮನೆ ಮನೆಗೆ ಹೋಗಿ ಕೇಳಿ ಒಂದು ಲೇಖನ ಬರೆದೆ. ಲೇಖನ ಇಂಗ್ಲಿಷಿನಲ್ಲಿದೆ. ಹೆಂಗಸರು ಆಡಿದ ಮಾತು ಮಾತ್ರ ತುಳುವಿನಲ್ಲೇ ಇದೆ, ಕನ್ನಡ ಲಿಪಿಯಲ್ಲಿ. ಅದರ ಕೆಳಗೆ ಇಂಗ್ಲಿಷ್ ಅರ್ಥ. ಅವರ ಮಾತು ಅವರದೇ ಭಾಷೆಯಲ್ಲಿ ಅಚ್ಚಾಗಬೇಕು ಎನ್ನುವುದು ನನ್ನ ಹಟ.

ಲೇಖನ ಮುಗಿದ ವಾರದಲ್ಲೇ ಒಂದು ಏಜೆನ್ಸಿಯಿಂದ ಫೋನ್ ಬಂತು. ಹದಿನೆಂಟು ಸಾವಿರ ಕೊಟ್ಟರೆ ಹದಿನೈದು ದಿನದಲ್ಲಿ ಪ್ರಕಟಣೆ, ಸ್ಕೋಪಸ್ ಗ್ಯಾರಂಟಿ ಎಂದರು. ಸ್ಕೋಪಸ್ ಎಂದರೆ ಪರಿಶೀಲಿಸಿ ಆರಿಸಿದ ಜರ್ನಲ್‌ಗಳ ಅಂತರರಾಷ್ಟ್ರೀಯ ಪಟ್ಟಿ. ಬಡ್ತಿಗೆ ಪ್ರಕಟಣೆ ಬೇಕು, ಸಮಯ ಕಡಿಮೆ ಇತ್ತು. ನಿಜ ಹೇಳಬೇಕೆಂದರೆ ಮನಸ್ಸು ಸ್ವಲ್ಪ ಆ ಕಡೆ ವಾಲಿತ್ತು. ವಿಶ್ವವಿದ್ಯಾಲಯ ಧನಸಹಾಯ ಆಯೋಗ (ಯುಜಿಸಿ) ಒಪ್ಪಿದ ಜರ್ನಲ್‌ಗಳ ಕೇರ್ ಪಟ್ಟಿ 2025ರಲ್ಲಿ ನಿಂತ ಮೇಲೆ ಯಾವ ಜರ್ನಲ್ ಅಸಲಿ ಎಂದು ನೋಡಿಕೊಳ್ಳುವ ಭಾರ ನಮ್ಮ ಮತ್ತು ನಮ್ಮ ಸಂಸ್ಥೆಗಳ ಮೇಲೇ ಬಿದ್ದಿದೆ, ಅಲ್ವಾ. ಪ್ರಿಂಟ್ ತೆಗೆಯಲು ಹೋದಾಗ ಅಕ್ಕನ ಹತ್ತಿರ ಸುಮ್ನೆ ಈ ವಿಷಯ ಹೇಳಿದೆ. ಅವರು ಏಜೆನ್ಸಿ ಕೊಟ್ಟ ಲಿಂಕ್ ತೆರೆದರು. ಪಕ್ಕದಲ್ಲೇ ಸ್ಕೋಪಸ್‌ನ ಪಟ್ಟಿ ತೆರೆದರು. ಜರ್ನಲ್ ಹೆಸರು ಅದೇ, ಜರ್ನಲ್ ಗುರುತಿಸುವ ಐಎಸ್ಎಸ್ಎನ್ ನಂಬರೂ ಅದೇ. ಆದರೆ ಪಟ್ಟಿಯಿಂದ ಹೋದರೆ ತೆರೆಯುವ ವೆಬ್‌ಸೈಟೇ ಬೇರೆ! ಅಸಲಿ ಜರ್ನಲ್‌ನ ಹೆಸರು, ನಂಬರು ಕದ್ದು ನಕಲಿ ಸೈಟ್ ಕಟ್ಟಿದ್ದರು.

"ಟೀಚರೆ, ಇಂಥದ್ದು ನಂಗೆ ಇದು ಮೂರನೇದು," ಎಂದರು ಅಕ್ಕ. "ದುಡ್ಡು ಹೋದ್ರೆ ಹೋಗ್ಲಿ, ನಿಮ್ಮ ಲೇಖನ ಅಲ್ಲಿ ಹೋಗಿ ಕೂತ್ರೆ ಮತ್ತೆ ಎಲ್ಲಿಗೂ ಕಳಿಸ್ಲಿಕ್ಕೆ ಆಗೂದಿಲ್ಲ."

ಆಮೇಲೆ ಶುಲ್ಕ ತೆಗೆದುಕೊಳ್ಳದ ಒಂದು ಜರ್ನಲನ್ನು ನಾನೇ ಹುಡುಕಿದೆ. ಯಾರು ಬೇಕಾದರೂ ಪುಕ್ಕಟೆ ಓದಬಹುದಾದ ಮುಕ್ತ ಜರ್ನಲ್‌ಗಳನ್ನು ಪರಿಶೀಲಿಸಿ ಸೇರಿಸುವ ಡಿಒಎಜೆ ಎಂಬ ಪಟ್ಟಿ 2003ರಿಂದ ಇದೆ, ಪುಕ್ಕಟೆ ನೋಡಬಹುದು. ಲೇಖಕರಿಂದ ಹಣ ಕೇಳದ ಜರ್ನಲ್‌ಗಳನ್ನು ಅಲ್ಲಿ ಬೇರೆಯಾಗಿ ಸೋಸಿ ತೆಗೆಯಬಹುದು. ಅಲ್ಲಿವರೆಗೆ ನನಗೆ ಅದು ಗೊತ್ತೇ ಇರಲಿಲ್ಲ.

ನನ್ನ ದೊಡ್ಡ ಕಷ್ಟ ಶುರುವಾದದ್ದು ಅಪ್‌ಲೋಡ್ ಮಾಡುವಾಗ. ನಾವು ಕೊಟ್ಟ ವರ್ಡ್ ಫೈಲಿನಿಂದ ಜರ್ನಲ್‌ನ ಪೋರ್ಟಲ್ ತಾನೇ ಒಂದು ಪಿಡಿಎಫ್ ಕಟ್ಟುತ್ತದೆ. ಅದನ್ನು ನೋಡಿ ಒಪ್ಪಿಗೆ ಕೊಟ್ಟರೆ ಮಾತ್ರ ಲೇಖನ ಸಂಪಾದಕರಿಗೆ ಹೋಗುತ್ತದೆ. ರಾತ್ರಿ ಮನೆಯಲ್ಲಿ ಕೂತು ಆ ಪಿಡಿಎಫ್ ತೆರೆದೆ. "ಅಟ್ಟೆಗ್ ಏತ್?" (ಒಂದು ಅಟ್ಟೆ ಹೂವಿಗೆ ಎಷ್ಟು?) ಎಂದು ಬರೆದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳು, ಅವುಗಳ ತಲೆ ಮೇಲೆ ಗೀಟು, ಚುಕ್ಕಿ, ಕೊಂಬು. ಒಟ್ಟು ನಲವತ್ತೊಂದು ಕಡೆ ಹೀಗೇ. ಬೆಳಿಗ್ಗೆ ಐದಕ್ಕೆ ಎದ್ದು ಮೊಗ್ಗು ಕೊಯ್ದು, ಕಟ್ಟುತ್ತಾ ಕಟ್ಟುತ್ತಾ ನನ್ನ ಜೊತೆ ಮಾತಾಡಿದ ಹೆಂಗಸರು. ಅವರ ಒಂದು ಮಾತೂ ಓದುವ ಹಾಗಿರಲಿಲ್ಲ. ಅಳು ಬಂತು.

ಮರುದಿನ ಮಳೆಯಲ್ಲೇ ಅಂಗಡಿಗೆ ಹೋದೆ. ಅಕ್ಕ ಒಂದು ನೋಟದಲ್ಲೇ ಹೇಳಿದರು, ಹಳೆ ನುಡಿ ಫಾಂಟ್ ಎಂದು. ಹಳೆ ನುಡಿಯಲ್ಲಿ ಟೈಪ್ ಮಾಡಿದಾಗ ಫೈಲಿನ ಒಳಗೆ ಉಳಿಯುವುದು ಇಂಗ್ಲಿಷ್ ಅಕ್ಷರಗಳ ಸಂಕೇತವೇ. ಫಾಂಟ್ ಅದರ ಮೇಲೆ ಕನ್ನಡದ ಆಕಾರ ತೋರಿಸುತ್ತದೆ, ಅಷ್ಟೇ. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ಆ ಆಕಾರ ಹೋಗಿ ಒಳಗಿನದು ಹೊರಗೆ ಬರುತ್ತದೆ. ಯೂನಿಕೋಡ್‌ನಲ್ಲಿ ಹಾಗಲ್ಲ, ಕನ್ನಡದ ಪ್ರತಿ ಅಕ್ಷರಕ್ಕೂ ಅದರದೇ ನಂಬರ್ ಇದೆ.

ಯೂನಿಕೋಡ್‌ಗೆ ಬದಲಾಯಿಸಲು ಒಂದು ಗಳಿಗೆ ಸಾಕಾಯಿತು. ಬೇರೆ ಅಂಗಡಿಯಾಗಿದ್ದರೆ ಅಲ್ಲಿಗೇ ಮುಗಿಯುತ್ತಿತ್ತೇನೋ. ಹೆಂಗಸರ ಮಾತು ಬರೆದುಕೊಂಡಿದ್ದ ನನ್ನ ನೋಟ್‌ಬುಕ್ಕನ್ನು ಅಕ್ಕ ಕೇಳಿದರು. "ನೀವು ಓದಿ, ನಾನು ನೋಡ್ತೇನೆ" ಎಂದರು. ನಲವತ್ತೊಂದು ಮಾತನ್ನೂ ನಾನು ಗಟ್ಟಿಯಾಗಿ ಓದಿದೆ. ಅವರು ಪರದೆಯ ಮೇಲೆ ಬೆರಳಿಟ್ಟು ಅಕ್ಷರ ಅಕ್ಷರ ನೋಡಿದರು. ಆರು ಕಡೆ ಅರ್ಕಾವತ್ತು ಜಾಗ ತಪ್ಪಿತ್ತು, ಎರಡು ಕಡೆ ಒತ್ತಕ್ಷರ ಬಿಟ್ಟುಹೋಗಿತ್ತು. ಎಲ್ಲವನ್ನೂ ಸರಿಮಾಡಿ, ಫಾಂಟನ್ನು ಫೈಲಿನ ಒಳಗೇ ಸೇರಿಸಿ ಉಳಿಸಿದರು. ಒಂದೂವರೆ ಗಂಟೆ ಹಿಡಿಯಿತು. ನಡುವೆ ಆಧಾರ್ ಝೆರಾಕ್ಸಿಗೆ ಬಂದವರು ಕಾದರು, ಯಾರೂ ಬೇಜಾರು ಮಾಡಿಕೊಳ್ಳಲಿಲ್ಲ.

ಇನ್ನೊಂದು ಸಂಗತಿ ಬಿಡಿಸಿ ಹೇಳಲೇಬೇಕು. ನಮ್ಮ ಜರ್ನಲ್‌ನಲ್ಲಿ ಲೇಖಕರು ಯಾರೆಂದು ಲೇಖನ ಓದಿ ತೂಗುವ ವಿಮರ್ಶಕರಿಗೆ ಗೊತ್ತಾಗಬಾರದು, ವಿಮರ್ಶಕರು ಯಾರೆಂದು ನಮಗೂ ಗೊತ್ತಾಗಬಾರದು. ನಾನು ಮೊದಲ ಪುಟದ ಹೆಸರು ತೆಗೆದು ಬೇರೆ ಫೈಲ್ ಮಾಡಿದ್ದೆ, ಮುಗಿಯಿತು ಎಂದುಕೊಂಡಿದ್ದೆ. ಅಕ್ಕ ಫೈಲಿನ ಪ್ರಾಪರ್ಟಿ ತೆರೆದು, "ನಿಮ್ಮ ಹೆಸರು ಇಲ್ಲಿ ಉಂಟಲ್ಲ, ಟೀಚರೆ?" ಎಂದರು. ಇತ್ತು, ಪೂರ್ತಿ ಇನಿಶಿಯಲ್ ಸಮೇತ. ವರ್ಡ್‌ನಲ್ಲಿ ಇನ್ಸ್‌ಪೆಕ್ಟ್ ಡಾಕ್ಯುಮೆಂಟ್ ಒತ್ತಿದರೆ ಅದು ಹೋಗುತ್ತದೆ. ಆದರೆ ಕೃತಜ್ಞತೆಯಲ್ಲಿದ್ದ ಕಾಲೇಜಿನ ಹೆಸರು, 'ನನ್ನ ಹಿಂದಿನ ಲೇಖನದಲ್ಲಿ ಹೇಳಿದಂತೆ' ಎಂಬ ಸಾಲು, ಇವನ್ನು ಯಾವ ಬಟನ್ನೂ ಹುಡುಕಿ ಕೊಡುವುದಿಲ್ಲ. ಓದಿಯೇ ಹಿಡಿಯಬೇಕು. ಅವರು ಓದಿ ಹಿಡಿದರು.

ಮಾಡದ ಕೆಲಸವೂ ಇದೆ. ಲೇಖನ ಬರೆದುಕೊಡುವುದಿಲ್ಲ. ಬೇರೆಯವರ ಬರಹದ ಜೊತೆಗಿನ ಸಿಮಿಲಾರಿಟಿ (ಹೋಲಿಕೆ) ಕಡಿಮೆ ಮಾಡಲು ಪದ ಬದಲಾಯಿಸಿ ಕೊಡಿ ಎಂದು ಬಂದವರನ್ನು ನನ್ನ ಎದುರೇ ವಾಪಸ್ ಕಳಿಸಿದರು. ಕೃತಿಚೌರ್ಯ ತಡೆಯುವ ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎನ್ನುವುದು ಅವರಿಗೂ ಗೊತ್ತು. ಆದರೂ ಆ ಲೆಕ್ಕದಾಟಕ್ಕೆ ಕೈ ಹಾಕುವುದಿಲ್ಲ. ಸಂಶೋಧಕರ ಗುರುತಿನ ನಂಬರಾದ ಆರ್ಕಿಡ್ ಐಡಿ ಮಾಡುವಾಗ ಪಾಸ್‌ವರ್ಡನ್ನು ನನ್ನ ಕೈಯಲ್ಲೇ ಟೈಪ್ ಮಾಡಿಸಿದರು. ಟ್ರಾನ್ಸ್‌ಫರ್ ಆದರೆ ಕಾಲೇಜಿನ ಇಮೇಲ್ ಹೋಗುತ್ತದೆ, ಸ್ವಂತದ್ದನ್ನೂ ಸೇರಿಸಿ ಎಂದರು. ಇದನ್ನು ನನಗೆ ಬೇರೆ ಯಾರೂ ಹೇಳಿರಲಿಲ್ಲ.

ಕೊರತೆ ಇಲ್ಲ ಎನ್ನಲಾರೆ. ಫೋನ್ ಎತ್ತುವುದಿಲ್ಲ. ಕರೆಂಟ್ ಹೋದರೆ ಯುಪಿಎಸ್ ಹತ್ತು ನಿಮಿಷ ಕೂಡ ತಡೆಯುವುದಿಲ್ಲ. ನನ್ನ ಮೂರು ಕೋಷ್ಟಕಗಳನ್ನು ಅಂದ ಕಾಣಲಿ ಎಂದು ಚಿತ್ರ ಮಾಡಿ ಅಂಟಿಸಿದ್ದರು. ತಿದ್ದಲು ಬರುವ ಕೋಷ್ಟಕವೇ ಬೇಕು ಎಂದು ಜರ್ನಲ್ ಕಚೇರಿಯಿಂದ ವಾಪಸ್ ಬಂತು, ನಾಲ್ಕು ದಿನ ಹೋಯಿತು. ತಪ್ಪು ತಮ್ಮದೆಂದು ಒಪ್ಪಿ, ದುಡ್ಡು ತೆಗೆದುಕೊಳ್ಳದೆ ಮತ್ತೆ ಮಾಡಿಕೊಟ್ಟರು. ನಕ್ಷೆ, ಗ್ರಾಫ್ ಇದ್ದರೆ ಅಚ್ಚಿನಲ್ಲಿ ಸ್ಪಷ್ಟ ಕಾಣುವ 300 ಡಿಪಿಐ ಫೈಲನ್ನು ನೀವೇ ತಯಾರು ಮಾಡಿಕೊಂಡು ಹೋಗುವುದು ಒಳ್ಳೆಯದು. ಎಲ್ಲ ಸೇರಿ ನನಗೆ ತಗಲಿದ್ದು 640 ರೂಪಾಯಿ.

ನಾಲ್ಕು ತಿಂಗಳ ಮೇಲೆ ಇಬ್ಬರು ವಿಮರ್ಶಕರ ಟಿಪ್ಪಣಿ ಬಂತು, ದೊಡ್ಡ ತಿದ್ದುಪಡಿ ಕೇಳಿದ್ದರು. ಒಬ್ಬರ ಪ್ರಶ್ನೆ: ಅಟ್ಟೆ ಎಂದರೆ ಎಷ್ಟು, ಅಳತೆ ಕೊಡಿ. ನಮಗೆ ಅದು ಹೇಳಬೇಕಾದ ಮಾತೇ ಅಲ್ಲ ಎಂದು ನಾನು ಬರೆದೇ ಇರಲಿಲ್ಲ! ನಾಲ್ಕು ಚೆಂಡು ಸೇರಿದರೆ ಒಂದು ಅಟ್ಟೆ, ಚೆಂಡಿಗೆ ಸುಮಾರು 800 ಹೂ. ಅಂದರೆ ಒಂದು ಅಟ್ಟೆ ಕಟ್ಟಲು ಮೂರು ಸಾವಿರಕ್ಕೂ ಜಾಸ್ತಿ ಮೊಗ್ಗನ್ನು ಬಾಳೆನಾರಿನಲ್ಲಿ ಒಂದೊಂದಾಗಿ ಸೇರಿಸಬೇಕು. ಈ ಲೆಕ್ಕ ಸೇರಿದ ಮೇಲೆ ನನ್ನ ಕೂಲಿಯ ಕೋಷ್ಟಕಕ್ಕೇ ಬೇರೆ ತೂಕ ಬಂತು. ಆ ವಿಮರ್ಶಕರು ಯಾರೋ, ಅವರಿಗೆ ನಾನು ಋಣಿ.

ಉತ್ತರ ಬರೆಯುವ ರೀತಿಯನ್ನೂ ಅಕ್ಕನೇ ತೋರಿಸಿದರು. ಎಡಕ್ಕೆ ವಿಮರ್ಶಕರ ಮಾತು, ಇದ್ದದ್ದು ಇದ್ದ ಹಾಗೆ. ಬಲಕ್ಕೆ ನಮ್ಮ ಉತ್ತರ, ತಿದ್ದಿದ ಸಾಲಿನ ನಂಬರ್. ಲೇಖನ ಈಗ ಎರಡನೇ ಸುತ್ತಿನಲ್ಲಿದೆ.

ಹೋಗುವವರು ಶನಿವಾರ ಬೇಡ, ಪ್ರಾಜೆಕ್ಟ್ ಬೈಂಡಿಂಗಿನ ಮಕ್ಕಳು ತುಂಬಿರುತ್ತಾರೆ. ಮಂಗಳವಾರ, ಬುಧವಾರ ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೆಯುವ ಹೊತ್ತಿಗೇ ಹೋಗಿ. ಜರ್ನಲ್ ಲೇಖಕರಿಗೆ ಕೊಟ್ಟಿರುವ ಸೂಚನೆಯ ಪ್ರಿಂಟ್ ಕೈಯಲ್ಲಿರಲಿ, ಅಕ್ಕ ಮೊದಲು ಕೇಳುವುದೇ ಅದನ್ನು. ಕನ್ನಡ, ತುಳು ಮಾತು ಲೇಖನದಲ್ಲಿದ್ದರೆ ನೋಟ್‌ಬುಕ್ಕನ್ನೂ ತೆಗೆದುಕೊಂಡು ಹೋಗಿ.