ಎಣ್ಣೆಗೆಂಪಿಗೆ ಒಪ್ಪುವ ಕಪ್ಪು: ಜಯನಗರದ ಒಂದು ವಿಗ್ ಅಂಗಡಿಯ ಅನುಭವ

ಅಕ್ಕನಿಗೆ ಕೀಮೋಥೆರಪಿ ಆರಂಭವಾಗಿ ಮೂರನೆಯ ವಾರದಲ್ಲಿ ಕೂದಲು ಉದುರತೊಡಗಿದಾಗ ನಾವು ಅವಸರದಲ್ಲಿ ಆನ್‌ಲೈನ್‌ನಲ್ಲಿ ಒಂದು ವಿಗ್ ತರಿಸಿದೆವು. ಬಣ್ಣ ಯಾವುದೆಂದು ಕೇಳಿದ ಕಡೆ ಕಪ್ಪು ಎಂದು ಗುರುತು ಹಾಕಿದೆವು. ನಮ್ಮವರ ಕೂದಲು ಕಪ್ಪಲ್ಲದೆ ಇನ್ನೇನು ಎಂಬುದೇ ಆಗ ನಮಗಿದ್ದ ತಿಳಿವಳಿಕೆ. ಅಳತೆ ಸರಿಯಾಗಿತ್ತು, ಎಳೆಗಳೂ ಮೃದುವಾಗಿದ್ದವು. ಆದರೆ ಅದನ್ನು ತೊಟ್ಟು ಕನ್ನಡಿಯ ಮುಂದೆ ನಿಂತಾಗ ಅಕ್ಕನ ಎಣ್ಣೆಗೆಂಪು ಮುಖ ಬೂದಿ ಬಳಿದಂತೆ ಕಂಡಿತು, ಕಣ್ಣ ಕೆಳಗಿನ ಕಪ್ಪು ಇನ್ನಷ್ಟು ಎದ್ದು ಬಂತು. ಅವಳು ಏನೂ ಹೇಳದೆ ಅದನ್ನು ಡಬ್ಬಿಗೆ ಹಾಕಿಟ್ಟು ತಲೆಗೆ ಹತ್ತಿಯ ಸ್ಕಾರ್ಫ್ ಕಟ್ಟಿಕೊಂಡಳು. ಅನಂತರ ಜಯನಗರ 4ನೇ ಬ್ಲಾಕಿನ ಸಮೀಪದ ಒಂದು ಅಂಗಡಿಗೆ ಎರಡು ಬಾರಿ ಹೋಗಿ, ಅವಳ ಮೈಬಣ್ಣಕ್ಕೆ ಹೊಂದುವ ವಿಗ್ ಆರಿಸಿ ತಂದೆವು. ಈ ಬರಹ ಆ ಅಂಗಡಿಯ ಸೇವೆಯನ್ನು ಕುರಿತದ್ದು.

ಅಂಗಡಿ ಚಿಕ್ಕದು, ಮೊದಲ ಮಹಡಿಯಲ್ಲಿದೆ. ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆ ಎಂಬ ಕ್ಯಾನ್ಸರ್ ಆಸ್ಪತ್ರೆಯಿರುವ ಮರಿಗೌಡ ರಸ್ತೆ ಅಲ್ಲಿಂದ ದೂರವಿಲ್ಲ. ಚಿಕಿತ್ಸೆಯಲ್ಲಿರುವವರು ಆಗಾಗ ಬರುವುದರಿಂದಲೋ ಏನೋ, ಅಲ್ಲಿನ ಹಿರಿಯ ಮಹಿಳೆ ಅನಗತ್ಯ ಪ್ರಶ್ನೆಗಳನ್ನು ಕೇಳುವುದಿಲ್ಲ. ಒಳಗೆ ಪರದೆ ಹಾಕಿದ ಪ್ರತ್ಯೇಕ ಕೋಣೆಯಿದೆ. ಅವರು ಮೊದಲು ಕೇಳಿದ್ದು ಬಜೆಟ್ ಎಷ್ಟು ಎಂದಲ್ಲ, “ಅಮ್ಮಾ, ಉದುರುವ ಮೊದಲಿನ ಕೂದಲು ಒಂದಿಷ್ಟು ಇಟ್ಟುಕೊಂಡಿದ್ದೀರಾ?” ಎಂದು. ನಾವು ಇಟ್ಟುಕೊಂಡಿರಲಿಲ್ಲ. ಕೀಮೋಥೆರಪಿಗೆ ಸಿದ್ಧರಾಗುತ್ತಿರುವವರಿಗೆ ನಾನು ಮೊದಲು ಹೇಳಬಯಸುವುದು ಇದನ್ನೇ: ಕೂದಲು ಇನ್ನೂ ತಲೆಯ ಮೇಲಿರುವಾಗಲೇ ಕಿವಿಯ ಹಿಂದಿನಿಂದ ಒಂದು ಸಣ್ಣ ಎಳೆಗಟ್ಟನ್ನು ಕತ್ತರಿಸಿ, ದಾರದಿಂದ ಕಟ್ಟಿ, ಕಾಗದದ ಲಕೋಟೆಯಲ್ಲಿ ಇಟ್ಟುಕೊಳ್ಳಿ. ಫೋಟೋ ಅದಕ್ಕೆ ಬದಲಿಯಾಗದು, ಏಕೆಂದರೆ ಮೊಬೈಲ್ ಕ್ಯಾಮೆರಾಗಳು ಬಣ್ಣವನ್ನು ತಮಗೆ ತೋಚಿದಂತೆ ತಿದ್ದುತ್ತವೆ.

ಚರ್ಮದ ಒಳಬಣ್ಣ, ಅಂದರೆ ಅಂಗಡಿಯವರು ಅಂಡರ್‌ಟೋನ್ ಎನ್ನುವುದು, ಮೈಬಣ್ಣದ ಬಿಳುಪು ಕಪ್ಪುಗಳಿಗಿಂತ ಬೇರೆಯಾದದ್ದು ಎಂಬುದು ನನಗೆ ಅಲ್ಲಿಯೇ ಸ್ಪಷ್ಟವಾಯಿತು. ಚರ್ಮ ಎಷ್ಟು ಗಾಢವಾಗಿದೆ ಎಂಬುದನ್ನು ಮುಖ್ಯವಾಗಿ ಮೆಲನಿನ್ ನಿರ್ಧರಿಸುತ್ತದೆ. ಅದರೊಳಗಿಂದ ಹಳದಿ ಇಣುಕುತ್ತದೆಯೋ, ಕೆಂಪು ನೀಲಿ ಇಣುಕುತ್ತದೆಯೋ ಎಂಬುದರಲ್ಲಿ ಮೆಲನಿನ್ ಜೊತೆಗೆ ಕ್ಯಾರೊಟಿನ್, ರಕ್ತದ ಹಿಮೋಗ್ಲೋಬಿನ್ ಇವುಗಳ ಪಾಲೂ ಇದೆ. ನಮ್ಮ ಮನೆಗಳಲ್ಲಿ ಈ ಭೇದ ಮೊದಲಿನಿಂದಲೂ ತಿಳಿದದ್ದೇ. ಹೆಣ್ಣು ನೋಡಿ ಬಂದವರು ಎಣ್ಣೆಗೆಂಪು, ಎಣ್ಣೆಗಪ್ಪು, ಗೋಧಿಬಣ್ಣ ಎಂದೆಲ್ಲ ಹೇಳುತ್ತಿದ್ದರಲ್ಲ, ಆ ಮಾತುಗಳು ಬರಿಯ ಗಾಢತೆಯನ್ನಷ್ಟೇ ಹೇಳುತ್ತಿರಲಿಲ್ಲ, ಚರ್ಮದ ಒಳಗಿನ ಛಾಯೆಯನ್ನೂ ಹೇಳುತ್ತಿದ್ದವು. ಹಾಗೆ ಅಳೆದು ನೋಡುವ ಪದ್ಧತಿ ನನಗೆ ಒಪ್ಪಿಗೆಯಲ್ಲ, ಆದರೆ ಪದಗಳು ಮಾತ್ರ ಖಚಿತವಾಗಿವೆ.

ಪರೀಕ್ಷೆಯ ಕ್ರಮ ನನಗೆ ಬಹಳ ಹಿಡಿಸಿತು. ಅಕ್ಕನನ್ನು ಕಿಟಕಿಯ ಪಕ್ಕ ಕೂರಿಸಿ, ಕೋಣೆಯ ದೀಪ ಆರಿಸಿ, ಅವಳ ಮಾವಿನಹಣ್ಣಿನ ಬಣ್ಣದ ಸೀರೆ ಮುಖದ ಮೇಲೆ ಹಳದಿ ಚೆಲ್ಲದಂತೆ ಭುಜದ ಸುತ್ತ ಅಚ್ಚ ಬಿಳಿಯ ಬಟ್ಟೆ ಹೊದಿಸಿದರು. ಮಣಿಕಟ್ಟಿನ ನರಗಳನ್ನು ನೋಡಿದರು: ಹಸಿರಾಗಿ ಕಂಡರೆ ಬೆಚ್ಚನೆಯ, ಅಂದರೆ ಹಳದಿ ಇಣುಕುವ ಛಾಯೆ, ನೀಲಿ ಅಥವಾ ನೇರಳೆಯಾಗಿ ಕಂಡರೆ ತಂಪು, ಅಂದರೆ ಕೆಂಪು ನೀಲಿ ಇಣುಕುವ ಛಾಯೆ, ಎರಡೂ ಬೆರೆತಂತಿದ್ದರೆ ನಡುವಿನದು ಎಂಬುದು ಎಲ್ಲೆಡೆ ಹೇಳುವ ಸೂತ್ರ. ಆದರೆ ನಮ್ಮಲ್ಲಿ ಅನೇಕರ ಚರ್ಮದಲ್ಲಿ ನರ ಸ್ಪಷ್ಟವಾಗಿ ಕಾಣುವುದೇ ಇಲ್ಲ. ಮೇಲಾಗಿ ಅಕ್ಕನ ಕೈಯ ನರಗಳು ಡ್ರಿಪ್ ಸೂಜಿಯಿಂದ ಕಂದಿದ್ದವು. ಅವರು ಆ ಪರೀಕ್ಷೆಯನ್ನು ತಾವಾಗಿಯೇ ಕೈಬಿಟ್ಟು, ಮುಖದ ಒಂದು ಬದಿಗೆ ಚಿನ್ನದ ಬಣ್ಣದ ಹೊಳಪಿನ ಬಟ್ಟೆಯನ್ನೂ ಇನ್ನೊಂದು ಬದಿಗೆ ಬೆಳ್ಳಿಯ ಬಣ್ಣದ್ದನ್ನೂ ಹಿಡಿದರು. ಬೆಳ್ಳಿಯ ಕಡೆ ಕೆನ್ನೆ ಕಳೆಗುಂದಿತು, ಚಿನ್ನದ ಕಡೆ ಜೀವ ಬಂದಂತಾಯಿತು. ಅಂದರೆ ಅವಳದು ಬೆಚ್ಚನೆಯ ಛಾಯೆ. ಇಷ್ಟು ಸರಳವಾದ ಹೋಲಿಕೆಯನ್ನು ಮನೆಯಲ್ಲಿ ಎರಡು ಸೀರೆಗಳ ಜರಿಯಂಚಿನಿಂದಲೇ ಮಾಡಬಹುದಿತ್ತು.

ಅವರು ನೋಡಿದ್ದು ಮುಖವನ್ನಷ್ಟೇ ಅಲ್ಲ, ಕತ್ತಿನ ಕೆಳಭಾಗ ಮತ್ತು ತೋಳಿನ ಒಳಭಾಗವನ್ನೂ ನೋಡಿದರು. ಕೆಲವು ಕೀಮೋ ಔಷಧಿಗಳಿಂದ ಮುಖ, ಉಗುರುಗಳು ಕಪ್ಪಾಗುವುದುಂಟು. ರಕ್ತಹೀನತೆಯಾದರೆ ಚರ್ಮ ಬಿಳಿಚಿಕೊಳ್ಳುವುದೂ ಉಂಟು. ಆ ದಿನದ ಮುಖವನ್ನು ಮಾತ್ರ ನೋಡಿ ಬಣ್ಣ ಆರಿಸಿದರೆ ಚಿಕಿತ್ಸೆ ಮುಗಿದು ಚರ್ಮ ಮೊದಲಿನಂತಾದಾಗ ವಿಗ್ ಹೊಂದದೆ ಹೋಗಬಹುದು. ಬಿಸಿಲು ಕಾಣದ ತೋಳಿನ ಒಳಭಾಗವನ್ನು ನಂಬುವುದೇ ಮೇಲು ಎಂದು ಅವರು ವಿವರಿಸಿದರು.

ಅನಂತರ ಬಣ್ಣಗಳ ಗೊಂಚಲು ಬಂತು. ವಿಗ್‌ಗಳ ಬಣ್ಣಗಳಿಗೆ ಸಂಖ್ಯೆಗಳಿವೆ: 1 ಎಂದರೆ ಕಾಡಿಗೆಯಂಥ ಕಪ್ಪು, 1ಬಿ ಎಂದರೆ ತುಸು ತಿಳಿಯಾದ ಸಹಜ ಕಪ್ಪು, 2 ಕಪ್ಪಿಗೆ ತೀರ ಸಮೀಪದ ಕಂದು, 4 ಇನ್ನೂ ತಿಳಿಯಾದ ಕಂದು. ತಯಾರಕರಿಂದ ತಯಾರಕರಿಗೆ ಅಲ್ಪಸ್ವಲ್ಪ ವ್ಯತ್ಯಾಸವಿರುತ್ತದೆ. ನಾವು ಆನ್‌ಲೈನ್‌ನಲ್ಲಿ ತರಿಸಿದ್ದು 1. ನಮ್ಮ ಕೂದಲು ಕಪ್ಪೆಂದು ನಾವು ಹೇಳುತ್ತೇವೆಯೇ ಹೊರತು, ಬಿಸಿಲಿಗೆ ಹಿಡಿದರೆ ಬಹುತೇಕರ ಕೂದಲಿನ ಅಂಚಿನಲ್ಲಿ ಕಂದು ಅಥವಾ ಕೆಂಪು ಮಿಂಚುತ್ತದೆ, ಬುಡ ಮತ್ತು ತುದಿಗಳ ಬಣ್ಣವೂ ಒಂದೇ ಆಗಿರುವುದಿಲ್ಲ. ಸಂಖ್ಯೆ 1ರಲ್ಲಿ ಇದಾವುದೂ ಇಲ್ಲ. ಅದರ ನೀಲಿ ಛಾಯೆಯ ಕಪ್ಪು ತಂಪು ಒಳಬಣ್ಣದವರಿಗೆ ಒಪ್ಪೀತು, ಎಣ್ಣೆಗೆಂಪು ಮುಖದ ಹಳದಿಯನ್ನು ಮಾತ್ರ ರೋಗದ ಹಳದಿಯಂತೆ ತೋರಿಸುತ್ತದೆ. ಇನ್ನೊಂದು ಕಾರಣವನ್ನು ನಾನು ಊಹಿಸಿಯೇ ಇರಲಿಲ್ಲ. ಕೂದಲಿನೊಂದಿಗೆ ಹುಬ್ಬುಗಳೂ ತೆಳುವಾಗಿರುವುದರಿಂದ ಮುಖದಲ್ಲಿ ಬೇರೆ ಕಪ್ಪು ಗೆರೆಯೇ ಉಳಿದಿರುವುದಿಲ್ಲ. ಅಂಥ ಮುಖದ ಮೇಲೆ ಅಚ್ಚಗಪ್ಪು ಕೂದಲು ಟೋಪಿಯಂತೆ ಕೂರುತ್ತದೆ. ಹಾಗಾಗಿ ಹಳೆಯ ಕೂದಲಿಗಿಂತ ಒಂದು ಮೆಟ್ಟಿಲು ತಿಳಿಯಾದುದನ್ನು ಆರಿಸುವುದು ಇಂಥ ಸಂದರ್ಭದಲ್ಲಿ ವಿವೇಕದ ಮಾತು.

ಅಂಗಡಿಯ ಕಿರಿಯ ಸಹಾಯಕಿಯೊಬ್ಬರು ಕೆಂಗಂದು ಬಣ್ಣದ 33ನ್ನು ಉತ್ಸಾಹದಿಂದ ಮುಂದಿಟ್ಟರು. ಬೆಚ್ಚನೆಯ ಛಾಯೆಗೆ ಕೆಂಪು ಬೆರೆತ ಕಂದು ಒಪ್ಪುತ್ತದೆಂಬ ಸೂತ್ರ ತಪ್ಪಲ್ಲ. ಆದರೆ ಅಕ್ಕನಿಗೆ ಐವತ್ತೆಂಟು ವರ್ಷ, ನಿವೃತ್ತ ಕನ್ನಡ ಅಧ್ಯಾಪಕಿ, ಮೂವತ್ತು ವರ್ಷ ಬೈತಲೆ ತೆಗೆದು ಜಡೆ ಹಾಕಿದವಳು. ಅವಳಿಗೆ ಬೇಕಾಗಿದ್ದದ್ದು ಒಪ್ಪುವ ಬಣ್ಣದ ಜೊತೆಗೆ ತನ್ನದೆನ್ನಿಸುವ ಬಣ್ಣ. ಹಿರಿಯ ಮಹಿಳೆ ಅದನ್ನು ಗ್ರಹಿಸಿ, 1ಬಿ ಮತ್ತು 2 ಬೆರೆತ, ಕಿವಿಯ ಬಳಿ ಕೆಲವೇ ನರೆಗೂದಲಿರುವ ಒಂದನ್ನು ತೊಡಿಸಿದರು. ಅಕ್ಕ ಕನ್ನಡಿಯಲ್ಲಿ ಬಹಳ ಹೊತ್ತು ನೋಡಿ, “ಇದು ನಾನು ಕಣೇ” ಎಂದಳು.

ನಾವು ಅಂದೇ ಕೊಳ್ಳಲಿಲ್ಲ. ಅಂಗಡಿಯ ಮುಂಭಾಗದ ಬಿಳಿ ಎಲ್‌ಇಡಿ ಬೆಳಕಿನಲ್ಲಿ ಅದೇ ವಿಗ್ ತೀರ ಕಪ್ಪಾಗಿ ಕಂಡಿತು, ಕೆಳಗಿನ ಬೀದಿಯಲ್ಲಿ ಹೊಂಗೆ ಮರಗಳ ನೆರಳಿನಲ್ಲಿ ಮುಖವೇ ಹಸಿರು ಕಟ್ಟಿದಂತೆ ಕಂಡಿತು. ಮರದ ನೆರಳಿನಿಂದ ಸರಿದು ಬಯಲಿನಲ್ಲಿ ನಿಂತು ನೋಡಬೇಕು, ಮಧ್ಯಾಹ್ನ ಮೂರರೊಳಗೆ ಬರಬೇಕು ಎಂದು ಅವರೇ ಹೇಳಿ, ಹಣ ಕೇಳದೆ ಆ ವಿಗ್ಗನ್ನು ಒಂದು ವಾರ ತೆಗೆದಿರಿಸಿದರು.

ನಮ್ಮದು ನಿಜ ಕೂದಲಿನದು, ಮೇಲ್ಭಾಗ ಮೊನೊಫಿಲಮೆಂಟ್, ಅಂದರೆ ಎಳೆಗಳನ್ನು ಒಂದೊಂದಾಗಿ ಕಟ್ಟಿದ ತೆಳು ಜಾಲರಿ, ಬೆಲೆ 26,000 ರೂಪಾಯಿ. ಅದೇ ಬಣ್ಣದ ಸಿಂಥೆಟಿಕ್ 6,500ಕ್ಕೆ ಇತ್ತು. ಅದರ ಬಣ್ಣ ನೀರಿಗೆ ಅಷ್ಟಾಗಿ ಮಾಸುವುದಿಲ್ಲ, ಆದರೆ ಹೊಳಪು ಹೆಚ್ಚು, ಒಲೆಯ ಶಾಖ ತಗುಲಿದರೆ ಎಳೆಗಳು ಸುರುಟಿಹೋಗುತ್ತವೆ. ನಿಜ ಕೂದಲಾದರೂ ಸಾಮಾನ್ಯವಾಗಿ ಬಣ್ಣ ಹಾಕಿದ್ದೇ ಆಗಿರುತ್ತದೆ. ತಿರುಮಲದ ಮುಡಿಯಾಗಲಿ, ಕೊಪ್ಪಳದ ಭಾಗ್ಯನಗರದಲ್ಲಿ ಬಿಡಿಸಿ ವಿಂಗಡಿಸುವ ಉದುರುಗೂದಲಾಗಲಿ, ಹಲವರ ತಲೆಗಳಿಂದ ಬಂದದ್ದನ್ನು ಒಂದೇ ಛಾಯೆಗೆ ತರಲು ಬಣ್ಣ ಬೇಕೇ ಬೇಕು. ತೊಳೆದಂತೆ, ಬಿಸಿಲು ಬಿದ್ದಂತೆ ಆ ಬಣ್ಣ ಕೆಂಪಿನ ಕಡೆಗೆ ಸರಿಯುತ್ತದೆ. ಅಕ್ಕನಂಥ ಬೆಚ್ಚನೆಯ ಒಳಬಣ್ಣದವರಿಗೆ ಅದರಿಂದ ತೊಂದರೆ ಕಡಿಮೆ. ತಂಪು ಛಾಯೆಯವರು ಕೊಳ್ಳುವಾಗಲೇ ಮರುಬಣ್ಣದ ವೆಚ್ಚವನ್ನು ಕೇಳಿಕೊಳ್ಳಬೇಕು. ಈ ಮಾತನ್ನು ಅಂಗಡಿಯವರು ನಾವು ಕೇಳಿದ ಮೇಲೆ ಹೇಳಿದರು, ಕೇಳುವ ಮೊದಲೇ ಹೇಳಬೇಕಾಗಿತ್ತು.

ಇನ್ನೆರಡು ಕೊರತೆಗಳಿವೆ. ನರೆ ಬೆರೆತ ಬಣ್ಣಗಳಲ್ಲಿ ಆಯ್ಕೆ ಮೂರು ನಾಲ್ಕನ್ನು ಮೀರುವುದಿಲ್ಲ. ಅರವತ್ತು ದಾಟಿದವರು ನಿರಾಶರಾಗಬಹುದು. ಕಡಿದಾದ ಇಪ್ಪತ್ತೆರಡು ಮೆಟ್ಟಿಲುಗಳಿಗೆ ಲಿಫ್ಟ್ ಇಲ್ಲ. ಅಕ್ಕ ನಡುವೆ ಎರಡು ಬಾರಿ ನಿಂತು ಉಸಿರು ತೆಗೆದುಕೊಂಡಳು. ಎರಡನೆಯ ಸಲ ಬರುವ ಮೊದಲು ಫೋನ್ ಮಾಡಿದಾಗ ಆ ಮಹಿಳೆ ವಿಗ್ ಮತ್ತು ಕನ್ನಡಿಯನ್ನು ತಾವೇ ಕೆಳಗೆ ತಂದು, ಬಾಗಿಲು ತೆರೆದ ನಮ್ಮ ಕಾರಿನಲ್ಲಿಯೇ ಹಗಲ ಬೆಳಕಿನಲ್ಲಿ ತೊಡಿಸಿ ತೋರಿಸಿದರು. ಮೆಟ್ಟಿಲು ಹತ್ತಲಾಗದವರು ಮೊದಲೇ ಫೋನ್ ಮಾಡಿ ಹೀಗೆ ಕೇಳಿಕೊಳ್ಳಬಹುದು. ಅದಕ್ಕೆ ಅವರು ಪ್ರತ್ಯೇಕ ಶುಲ್ಕ ತೆಗೆದುಕೊಳ್ಳಲಿಲ್ಲ.