ಮನೆ ರಿಜಿಸ್ಟ್ರೇಷನ್ ಮಾಡಿಸಿಕೊಟ್ಟ ಪತ್ರ ಬರಹಗಾರರ ಆಫೀಸು: ನನ್ನ ಅನುಭವ

ಬೆಂಗಳೂರಲ್ಲಿ ಮನೆ ಅಥವಾ ಸೈಟು ತಗೊಳ್ಳೋಕೆ ಹೊರಟವರಿಗೆ ಇದು ಉಪಯೋಗಕ್ಕೆ ಬರಬಹುದು. ಇತ್ತೀಚೆಗೆ ನಮ್ಮ ಅಕ್ಕ ಭಾವ 30/40 ಸೈಟಿನ ಒಂದು ಹಳೇ ಮನೆ ತಗೊಂಡರು. ಪತ್ರದ ಕೆಲಸಕ್ಕೆಲ್ಲ ಓಡಾಡಿದ್ದು ನಾನು. ಆಫೀಸಿನ ಹೆಸರು ಹಾಕಿದರೆ ಜಾಹೀರಾತು ಅನ್ನಿಸುತ್ತದೆ, ಅದಕ್ಕೆ ಬಿಟ್ಟಿದ್ದೇನೆ. ಸಬ್ ರಿಜಿಸ್ಟ್ರಾರ್ ಆಫೀಸಿನ ಎದುರುಗಡೆ ಇರುವಂಥ ಒಂದು ಸಣ್ಣ ಆಫೀಸು, ಅಷ್ಟೇ.

ಮೊದಲು ಬೇರೊಬ್ಬ ಏಜೆಂಟ್ ಹತ್ತಿರ ಹೋಗಿದ್ವಿ. ಏನು ಕೇಳಿದರೂ "ಹೊಸ ರೂಲ್ಸ್ ಬಂದಿದೆ ಮೇಡಂ, ಖರ್ಚಾಗುತ್ತೆ" ಅಂತ ಒಂದೇ ಮಾತು. ಯಾವ ರೂಲ್ಸು, ಯಾವತ್ತು ಬಂತು ಅಂದರೆ ಉತ್ತರ ಇಲ್ಲ. ಎದ್ದು ಬಂದ್ವಿ.

ಈ ಆಫೀಸಿನಲ್ಲಿ ನನಗೆ ಹಿಡಿಸಿದ್ದು ಇದಕ್ಕೆ ಪೂರಾ ಉಲ್ಟಾ. ಗೋಡೆ ತುಂಬ ಸರ್ಕಾರಿ ಆದೇಶಗಳ ಪ್ರಿಂಟ್ ಅಂಟಿಸಿದ್ದಾರೆ, ಒಂದೊಂದರ ತಾರೀಖಿಗೂ ಕೆಂಪು ಪೆನ್ನಲ್ಲಿ ಸುತ್ತು ಹಾಕಿದ್ದಾರೆ. ನೋಂದಣಿ ಶುಲ್ಕ 2025ರ ಆಗಸ್ಟ್ 31ರಿಂದ ಶೇ 1 ಇದ್ದದ್ದು ಶೇ 2 ಆಗಿದೆ ಅಲ್ವಾ, ಅದನ್ನು ಅವರು ಬರೀ ಬಾಯಲ್ಲಿ ಹೇಳಲಿಲ್ಲ. ಆದೇಶ ತೋರಿಸಿ, ಒಂದು ಹಾಳೆಯಲ್ಲಿ ಲೆಕ್ಕ ಬರೆದು ಕೊಟ್ಟರು. ಸ್ಟಾಂಪ್ ಡ್ಯೂಟಿ ಶೇ 5, ಅದರ ಮೇಲೆ ಸೆಸ್, ಸರ್‌ಚಾರ್ಜ್ ಸೇರಿ 5.6, ಜೊತೆಗೆ ಈ 2, ಒಟ್ಟು ಶೇ 7.6. 50 ಲಕ್ಷದ ಆಸ್ತಿಗೆ ನೋಂದಣಿ ಶುಲ್ಕವೇ ₹50,000 ಬದಲು ಒಂದು ಲಕ್ಷ. ಸಾಲ ಮಾಡಿ ಮನೆ ತಗೊಳ್ಳುವವರಿಗೆ ಇದೇನು ಸಣ್ಣ ದುಡ್ಡಲ್ಲ, ಮುಂಚೆಯೇ ಗೊತ್ತಾಗಬೇಕು. ಅಫಿಡವಿಟ್ ಸ್ಟಾಂಪು ₹20 ಇದ್ದದ್ದು 2024ರಲ್ಲೇ ₹100 ಆಗಿದೆ, ಅದನ್ನೂ ಲೆಕ್ಕದಲ್ಲಿ ಸೇರಿಸಿದ್ದರು. ಅವರ ಚಾರ್ಜು ಎಷ್ಟು ಅಂತ ಕೊನೆಯ ಸಾಲಿನಲ್ಲಿ ಬೇರೆಯಾಗಿಯೇ ಬರೆದಿದ್ದರು.

ಇ-ಖಾತಾ (ಆಸ್ತಿ ಯಾರ ಹೆಸರಲ್ಲಿದೆ ಅಂತ ಪಾಲಿಕೆ ಕೊಡುವ ಡಿಜಿಟಲ್ ದಾಖಲೆ) ವಿಷಯದಲ್ಲಿ ನಮ್ಮ ಭಾವನಿಗೆ ಒಂದು ತಕರಾರಿತ್ತು. ಮ್ಯುಟೇಷನ್ ದಾಖಲೆ (ಸರ್ಕಾರಿ ಪುಸ್ತಕದಲ್ಲಿ ಆಸ್ತಿ ಮಾರುವವರ ಹೆಸರಿಗೆ ಬದಲಾದದ್ದಕ್ಕೆ ಪುರಾವೆ) ಇಲ್ಲ ಅಂತ ರಿಜಿಸ್ಟ್ರೇಷನ್ ನಿರಾಕರಿಸಬಾರದು ಅಂತ 2025ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಬಂದಿದೆ, ಹಾಗಾದರೆ ನಮಗೇಕೆ ಇ-ಖಾತಾ ಬೇಕು ಅಂತ. ಪ್ರಶ್ನೆ ಸರಿಯಾಗಿಯೇ ಇತ್ತು. ಆಫೀಸಿನವರು ಬೇಜಾರು ಮಾಡಿಕೊಳ್ಳದೆ ಕೂರಿಸಿ ವಿವರಿಸಿದರು. ಆ ತೀರ್ಪಿನಲ್ಲಿ ರದ್ದಾಗಿದ್ದು ಬಿಹಾರದ ನಿಯಮ. ನಮ್ಮಲ್ಲಿ 2024ರ ಅಕ್ಟೋಬರ್‌ನಿಂದ ಇ-ಖಾತಾ ಕೇಳುತ್ತಿರುವುದು ನಮ್ಮ ರಾಜ್ಯದ ನಿಯಮ. "ಆ ತೀರ್ಪು ಹಿಡ್ಕೊಂಡು ಹೋದ್ರೆ ಕೌಂಟರಲ್ಲಿ ಕೆಲ್ಸ ಆಗಲ್ಲ ಸರ್. ಬೇಕಿದ್ರೆ ಲಾಯರ್ ಕೇಳಿ, ನಾನು ಬರೀ ಪತ್ರ ಬರೆಯೋನು" ಅಂದರು. ತನ್ನ ಕೆಲಸ ಎಲ್ಲಿಗೆ ಮುಗಿಯುತ್ತದೆ ಅಂತ ಹೇಳುವವರು ಅಪರೂಪ. ಅದೇ ತೀರ್ಪಿನಲ್ಲಿ ಇರುವ ಇನ್ನೊಂದು ಮಾತನ್ನೂ ನೆನಪಿಸಿದರು: ರಿಜಿಸ್ಟರ್ ಆದ ಮಾತ್ರಕ್ಕೆ ಮಾಲೀಕತ್ವ ಪಕ್ಕಾ ಆಗಲ್ಲ. ಹಾಗಾಗಿ ಇಸಿ (ಆಸ್ತಿ ಮೇಲೆ ಹಿಂದೆ ನೋಂದಣಿಯಾದ ಮಾರಾಟ, ಸಾಲಗಳ ಪಟ್ಟಿ), ಹಳೇ ಪತ್ರಗಳೆಲ್ಲ ತೆಗೆಸಿ ಲಾಯರಿಗೆ ತೋರಿಸಿ ಅಂತ ಅವರೇ ಒತ್ತಾಯ ಮಾಡಿದರು.

ನಮಗೆ ಜಾಸ್ತಿ ಉಳಿತಾಯ ಆಗಿದ್ದು ಅವರು ಕೇಳಿದ ಒಂದು ಪ್ರಶ್ನೆಯಿಂದ. ಮನೆ ಒಡೆದು ಹೊಸದಾಗಿ ಕಟ್ಟುವ ಆಸೆ ಭಾವನಿಗೆ. ಅದನ್ನು ಹೇಳಿದ ತಕ್ಷಣ "ಕೆಳಗಡೆ ಅಂಗಡಿ ಮಳಿಗೆ ಏನಾದ್ರೂ ಮಾಡ್ತೀರಾ?" ಅಂದರು. ಹೌದು, ರಸ್ತೆ ಕಡೆಗೆ ಒಂದು ಮಳಿಗೆ ಬಿಟ್ಟು ಬಾಡಿಗೆಗೆ ಕೊಡುವ ಯೋಚನೆ ಇತ್ತು. ವಿಷಯ ಏನು ಅಂದರೆ, 2024ರ ಡಿಸೆಂಬರ್ 17ರಂದು ಸುಪ್ರೀಂ ಕೋರ್ಟ್ ಇನ್ನೊಂದು ತೀರ್ಪು ಕೊಟ್ಟಿದೆ. ಓಸಿ (ಕಟ್ಟಡ ನಕ್ಷೆ ಪ್ರಕಾರ ಇದೆ, ವಾಸ ಮಾಡಬಹುದು ಅಂತ ಕೊಡುವ ಪ್ರಮಾಣಪತ್ರ) ಇಲ್ಲದ ಕಟ್ಟಡಕ್ಕೆ ಕರೆಂಟು, ನೀರು ಕನೆಕ್ಷನ್ ಕೊಡಬಾರದು ಅಂತ. ಅದಾದ ಮೇಲೆ 2025ರಲ್ಲಿ ಇಲ್ಲಿ ಎಷ್ಟೋ ಜನ ಮನೆ ಕಟ್ಟಿ ಮುಗಿಸಿ ಮೀಟರಿಗೆ ಕಾದು ಕೂತರು. ಆಮೇಲೆ ಅಕ್ಟೋಬರ್‌ನಲ್ಲಿ ಸರ್ಕಾರ 1,200 ಚದರ ಅಡಿವರೆಗಿನ ಸೈಟಿನ ಮನೆಗಳಿಗೆ, ನೆಲಮಹಡಿ ಮತ್ತು ಮೇಲೆ ಎರಡು, ಇಲ್ಲವೇ ಸ್ಟಿಲ್ಟ್ (ಕೆಳಗೆ ಕಂಬಗಳ ನಡುವಿನ ಪಾರ್ಕಿಂಗ್ ಜಾಗ) ಮತ್ತು ಮೂರು ಮಹಡಿವರೆಗೆ, ಓಸಿಯಿಂದ ವಿನಾಯಿತಿ ಕೊಟ್ಟಿತು. ಆದರೆ ಅದು ವಾಸದ ಮನೆಗೆ ಮಾತ್ರ. ಮಳಿಗೆ ಹಾಕಿದರೆ ಆ ವಿನಾಯಿತಿ ನಂಬಿಕೊಂಡು ಕೂರುವ ಹಾಗಿಲ್ಲ. ಭಾವ ಅಲ್ಲೇ ಮಳಿಗೆ ಯೋಚನೆ ಬಿಟ್ಟರು.

ಕರಡು ಪತ್ರ ಓದಿದ ರೀತಿಯೂ ಚೆನ್ನಾಗಿತ್ತು. ಒಬ್ಬ ಹುಡುಗ ಹಳೇ ಪತ್ರದಿಂದ ಚಕ್ಕುಬಂದಿ (ಸೈಟಿನ ನಾಲ್ಕೂ ದಿಕ್ಕಿನ ಗಡಿ ವಿವರ) ಗಟ್ಟಿಯಾಗಿ ಓದುತ್ತಾನೆ, ಇವರು ಹೊಸದರಲ್ಲಿ ಬೆರಳಿಟ್ಟು ನೋಡುತ್ತಾರೆ. ಹಾಗೆ ಓದುವಾಗಲೇ ಮಾರುವವರ ತಂದೆ ಹೆಸರು ಆಧಾರ್‌ನಲ್ಲಿ ಒಂದು ಥರ, ಪತ್ರದಲ್ಲಿ ಒಂದು ಥರ ಇರುವುದು ಸಿಕ್ಕಿತು. ಇದು ರಿಜಿಸ್ಟ್ರೇಷನ್ ದಿನ ಗೊತ್ತಾಗಿದ್ದರೆ ಎಲ್ಲರೂ ಕೆಲಸಕ್ಕೆ ರಜೆ ಹಾಕಿದ್ದು ದಂಡ.

ಕೊರತೆ ಇಲ್ಲವೇ ಅಂದರೆ ಇದೆ. ಚಾರ್ಜು ಅಕ್ಕಪಕ್ಕದವರಿಗಿಂತ ಜಾಸ್ತಿ. ಸಂಜೆ ಮೇಲೆ ಫೋನ್ ಎತ್ತಲ್ಲ. ಕೊಟ್ಟ ದುಡ್ಡಿಗೆ ರಸೀದಿ ಕೇಳಿದರೆ ಮಾತ್ರ ಕೊಡುತ್ತಾರೆ, ಇದು ನನಗೆ ಸರಿ ಅನ್ನಿಸಲಿಲ್ಲ. ಕೂರಲು ಜಾಗವೂ ಕಮ್ಮಿ, ವಯಸ್ಸಾದವರನ್ನು ಸುಮ್ನೆ ಕರೆದುಕೊಂಡು ಹೋಗಿ ಕಾಯಿಸಬೇಡಿ, ಸಹಿ ದಿನ ಬಂದರೆ ಸಾಕು.

ಮಾರುವವರ ಹೆಸರಲ್ಲಿ ಇ-ಖಾತಾ ಆಗಲೇ ಇದ್ದು, ನಿಮಗೆ ಕಂಪ್ಯೂಟರ್ ಅಭ್ಯಾಸ ಇದ್ದರೆ, ನೋಂದಣಿ ಇಲಾಖೆಯ ವೆಬ್‌ಸೈಟ್ ಕಾವೇರಿ 2.0ರಲ್ಲಿ ವಿವರ ತುಂಬಿ, ಶುಲ್ಕ ಕಟ್ಟಿ, ಸ್ಲಾಟ್ ತಗೊಳ್ಳುವುದು ನೀವೇ ಮಾಡಬಹುದು. ಇವರೂ ಅದನ್ನೇ ಹೇಳುತ್ತಾರೆ. ನಮ್ಮ ಥರ ಹಳೇ ಮನೆ, ಹೆಸರಿನ ಗೊಂದಲ, ಹೊಸದಾಗಿ ಕಟ್ಟುವ ಯೋಚನೆ ಎಲ್ಲ ಇದ್ದರೆ ಇಂಥ ಆಫೀಸಿಗೆ ಕೊಟ್ಟ ದುಡ್ಡು ವಸೂಲು. ಹೋಗುವಾಗ ತೆರಿಗೆ ರಸೀದಿ, ಹಳೇ ಕ್ರಯಪತ್ರ, ಆಧಾರ್ ತಗೊಂಡು ಹೋಗಿ. ಆಧಾರ್‌ಗೆ ಲಿಂಕ್ ಆಗಿರುವ ಮೊಬೈಲೂ ಕೈಯಲ್ಲಿರಲಿ, ಓಟಿಪಿ ಅದಕ್ಕೇ ಬರೋದು.