ಹೆಸರಘಟ್ಟದ ಕೆರೆಯಂಚಿಗೆ ಬಾಡಿಗೆ ಸೈಕಲ್: ಬ್ರೇಕಿಗೆ ಭೇಷ್, ಪಂಪಿಗೆ ಸೊನ್ನೆ

ಬೆಂಗಳೂರಿನ ಹೆಸರಘಟ್ಟ ರಸ್ತೆಯಲ್ಲಿರುವ ಈ ಬಾಡಿಗೆ ಅಂಗಡಿಯವರು ಮಕ್ಕಳ ಸೈಕಲ್ಲನ್ನು ಆಟದ ಸಾಮಾನೆಂದು ತಿಳಿದಿಲ್ಲ. ನನ್ನ ಮೆಚ್ಚುಗೆಯ ಮುಕ್ಕಾಲು ಪಾಲು ಅದಕ್ಕೇ ಸಲ್ಲಬೇಕು. ಒಂಬತ್ತು ವರ್ಷದ ಮಗಳನ್ನು ಸೀಟಿನ ಮೇಲೆ ಕೂರಿಸಿ, ಪಾದದ ಮುಂಭಾಗ ನೆಲಕ್ಕೆ ತಾಗುತ್ತದೆಯೇ ಎಂದು ನೋಡಿ, 24 ಇಂಚಿನ ಚಕ್ರದ ಸೈಕಲ್ ಆರಿಸಿಕೊಟ್ಟರು. ಅವಳ ಬೆರಳಿಗೆ ಬ್ರೇಕ್ ಹಿಡಿ ಎಟುಕುತ್ತಿರಲಿಲ್ಲ. ಹಿಡಿಯ ಬುಡದ ಪುಟ್ಟ ತಿರುಪನ್ನು ತಿರುಗಿಸಿ ಹತ್ತಿರಕ್ಕೆ ತಂದರು. ಹೊಸ ಸೈಕಲ್ ಮಾರುವ ಅಂಗಡಿಗಳಲ್ಲೂ ಇಷ್ಟು ತಾಳ್ಮೆಯನ್ನು ನಾನು ಕಂಡಿಲ್ಲ.

ಮೊಣಕಾಲು ತರಚಿಕೊಳ್ಳುವುದನ್ನೇ ವ್ಯಾಯಾಮವೆಂದು ನಂಬಿರುವ ನನ್ನ ತಮ್ಮನಿಗೆ ಹಿಂದೆ ಮುಂದೆ ಎರಡೂ ಕಡೆ ಕುಲುಕಾಟ ತಡೆಯುವ ಸಸ್ಪೆನ್ಷನ್ ಇರುವ ದುಬಾರಿ ಮೌಂಟನ್ ಬೈಕ್ ಬೇಕಿತ್ತು. ಅದರ ದಿನದ ಬಾಡಿಗೆ ಸಾಧಾರಣ ಸೈಕಲ್ಲಿನ ಎರಡರಷ್ಟು. ಹೆಸರಘಟ್ಟಕ್ಕೆ ಅದು ದಂಡ. ಕೆರೆಯಂಚಿನ ದಾರಿ ಬಹುಮಟ್ಟಿಗೆ ಸಮತಟ್ಟಾದ ಕೆಮ್ಮಣ್ಣಿನ ಗಾಡಿದಾರಿ; ಅಲ್ಲಲ್ಲಿ ಮಳೆನೀರು ಕೊರೆದ ಕೊರಕಲು, ಒಂದಿಷ್ಟು ಉರುಟುಗಲ್ಲು, ಅಷ್ಟೇ. ಮುಂದಿನ ಚಕ್ರವನ್ನು ಹಿಡಿದಿರುವ ಫೋರ್ಕ್ ಮಾತ್ರ ಕುಗ್ಗುವ, ಎರಡು ಇಂಚಿಗಿಂತ ತುಸು ಅಗಲದ ಟೈರಿನ ಸೈಕಲ್ ಧಾರಾಳವಾಗಿ ಸಾಕು. ಡಾಂಬರು ಮುಗಿದ ಮೇಲೆ ಟೈರಿನ ಗಾಳಿಯನ್ನು ಕೊಂಚ ಇಳಿಸಿದರೆ ದುಬಾರಿ ಸ್ಪ್ರಿಂಗ್ ಮಾಡುವ ಅರ್ಧ ಕೆಲಸವನ್ನು ಟೈರೇ ಮಾಡುತ್ತದೆ. ಕಡಿದಾದ ಇಳಿಜಾರಿಗಾಗಿ ಬರುವವರಿಗೆ ಇಲ್ಲಿ ನಿರಾಸೆಯೇ ಗತಿ. ಮಳೆಗಾಲದ ನಂತರ ಕೊರಕಲುಗಳ ನಡುವೆ ಚಕ್ರ ಹಾಯುವ ಜಾಡು ಹುಡುಕಿಕೊಂಡು ಓಡಿಸುವವರಿಗೆ ಮಾತ್ರ ಸೊಗಸಾದ ಕಸರತ್ತು ಇದೆ.

ಕಷ್ಟವೆಲ್ಲ ದಾರಿ ತಲುಪುವವರೆಗೆ. ಚಿಕ್ಕಬಾಣಾವರದ ಲಾರಿ, ಬಸ್ಸುಗಳ ನಡುವೆ ಮಕ್ಕಳನ್ನು ಸೈಕಲ್ ತುಳಿಸುವ ಧೈರ್ಯ ನನಗಿಲ್ಲ. ಹೆಚ್ಚುವರಿ ಹಣಕ್ಕೆ ಅಂಗಡಿಯವರೇ ಸೈಕಲ್ಲುಗಳನ್ನು ಗೂಡ್ಸ್ ಆಟೋದಲ್ಲಿ ಹೆಸರಘಟ್ಟ ಊರಿನವರೆಗೆ ಕಳುಹಿಸುತ್ತಾರೆ. ಮಕ್ಕಳಿದ್ದರೆ ಆ ಖರ್ಚಿಗೆ ಹಿಂದೆಮುಂದೆ ನೋಡಬೇಡಿ.

ಅರ್ಕಾವತಿಗೆ ಅಡ್ಡಲಾಗಿ ಕಟ್ಟಿದ ಈ ಕೆರೆಯಿಂದ 1890ರ ದಶಕದಲ್ಲಿ ಬೆಂಗಳೂರಿಗೆ ನೀರು ಹರಿಯಿತು, ಶೇಷಾದ್ರಿ ಅಯ್ಯರ್ ದಿವಾನರಾಗಿದ್ದ ಕಾಲದಲ್ಲಿ. ನೀರು ಹರಿಯುತ್ತಿದ್ದ ಇಟ್ಟಿಗೆಯ ಕಾಲುವೆಯನ್ನು ಮಗಳಿಗೆ ತೋರಿಸಿದೆ. ‘ನಮ್ಮ ನಲ್ಲಿಗೆ ಈಗ ಇಲ್ಲಿಂದ ಯಾಕೆ ಬರುವುದಿಲ್ಲ?’ ಎಂದಳು. ಜಲಾನಯನದ ಬೋರ್‌ವೆಲ್ಲು, ನೀಲಗಿರಿ ತೋಪು, ಒತ್ತುವರಿಗಳ ಕತೆ ಹೇಳುವಷ್ಟರಲ್ಲಿ ನನಗೇ ಏದುಸಿರು.

ಕೆರೆಗೆ ಹೊಂದಿಕೊಂಡ ಹುಲ್ಲುಗಾವಲನ್ನು ಕಂಡ ಕೂಡಲೇ ದಾರಿ ಬಿಟ್ಟು ನುಗ್ಗುವ ಸವಾರರಿದ್ದಾರೆ. ಅದು ಖಾಲಿ ಮೈದಾನವಲ್ಲ. ನೆಲಗುಬ್ಬಿಗಳು ಹುಲ್ಲಿನ ಬುಡದಲ್ಲೇ ಮೊಟ್ಟೆಯಿಡುತ್ತವೆ. ಚಳಿಗಾಲದಲ್ಲಿ ವಲಸೆ ಬರುವ ಸೆಳೆವಗಳು (ಹ್ಯಾರಿಯರ್ ಎಂಬ ಬೇಟೆಹಕ್ಕಿಗಳು) ರಾತ್ರಿ ಅಲ್ಲೇ ನೆಲದ ಮೇಲೆ ತಂಗುತ್ತವೆ. ಸುತ್ತಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಪ್ರದೇಶ ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರಲ್ಲಿ ಒಪ್ಪಿಗೆ ಕೊಟ್ಟಿತು. ಬಾಡಿಗೆ ಚೀಟಿಯ ಹಿಂದೆ ‘ಹೆಲ್ಮೆಟ್ ಕಡ್ಡಾಯ’ ಎಂದು ಅಚ್ಚು ಹಾಕಿಸಿರುವ ಅಂಗಡಿಯವರು ‘ಗಾಡಿದಾರಿ ಬಿಟ್ಟು ಇಳಿಯಬೇಡಿ’ ಎಂಬ ಇನ್ನೊಂದು ಸಾಲನ್ನೂ ಸೇರಿಸಬಹುದಿತ್ತು.

ಇನ್ನು ಪಂಪಿನ ವಿಚಾರ. ಕೆರೆಯಂಚಿನಲ್ಲಿ ಜಾಲಿ ಮುಳ್ಳಿಗೆ ಬರವಿಲ್ಲ. ತಮ್ಮನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅಂಗಡಿಯವರು ಕೊಟ್ಟ ಚೀಲದಲ್ಲಿ ತೇಪೆ, ಅಂಟು, ಉಜ್ಜುಕಾಗದ ಎಲ್ಲವೂ ಇದ್ದವು. ಆದರೆ ಟ್ಯೂಬಿನದು ತೆಳು ಮೂತಿಯ ಪ್ರೆಸ್ಟಾ ವಾಲ್ವ್, ಪಂಪಿನ ಬಾಯಿ ದಪ್ಪ ಮೂತಿಯ ಶ್ರೇಡರ್ ವಾಲ್ವಿನದು. ನಡುವೆ ಹಾಕುವ ಹಿತ್ತಾಳೆಯ ಅಡಾಪ್ಟರ್ ಬೆಲೆ ಒಂದು ಮಸಾಲೆ ದೋಸೆಗಿಂತ ಕಡಿಮೆ. ಅದಿಲ್ಲದೆ ತಮ್ಮ ಸೈಕಲ್ ತಳ್ಳಿಕೊಂಡು ಊರಿನ ರಸ್ತೆ ಸೇರಿದ. ಫೋನ್ ಮಾಡಿದರೆ ‘ಭಾನುವಾರ ಹುಡುಗರು ಇರುವುದಿಲ್ಲ’ ಎಂಬ ಉತ್ತರ. ಬಾಡಿಗೆಗೆ ಗಿರಾಕಿಗಳು ಬರುವುದೇ ಭಾನುವಾರವಲ್ಲವೇ ಸ್ವಾಮಿ!

ಠೇವಣಿಯನ್ನು ಮರುಮಾತಿಲ್ಲದೆ ಪೂರ್ತಿ ಹಿಂತಿರುಗಿಸಿದರು, ಪಂಕ್ಚರಿಗೆ ಹಣ ಹಿಡಿಯಲಿಲ್ಲ. ಮಕ್ಕಳಿರುವವರು ಕಣ್ಣುಮುಚ್ಚಿ ಇಲ್ಲಿಂದಲೇ ಸೈಕಲ್ ತೆಗೆದುಕೊಳ್ಳಿ. ಹೊರಡುವ ಮುನ್ನ ಪಂಪನ್ನು ಟ್ಯೂಬಿಗೆ ಸಿಕ್ಕಿಸಿ, ಅಂಗಡಿಯವರ ಎದುರಿಗೇ ನಾಲ್ಕು ಬಾರಿ ಒತ್ತಿ ನೋಡಿ.